ಬಯಲುಸೀಮೆಯ ನೆಲಕ್ಕೆ ಉಪ್ಪು ಸುರಿದು ಸೀಗಡಿ ಬೆಳೆಯಬಹುದೇ?

ಓದುಗರ ಪ್ರಶ್ನೆ: ಮೇಡಂ, ನಮ್ಮದು ಬಾಗೇಪಲ್ಲಿ ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರದ ಹಳ್ಳಿ. ನಾಲ್ಕೂವರೆ ಎಕರೆ ಕೆಂಪು ಭೂಮಿ ಇದೆ. ಕೊರೆಸಿದ ಮೂರು ಬೋರ್‌ಗಳಲ್ಲಿ ಒಂದರಲ್ಲಿ ಮಾತ್ರ ನೀರಿದೆ, ಅದೂ 1,150 ಅಡಿ ಆಳದಿಂದ. 21 ಮೀಟರ್ ಉದ್ದಗಲದ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ಇದೆ. ಎರಡು ವರ್ಷ ಟೊಮೆಟೊ ಹಾಕಿ ಕೈ ಸುಟ್ಟುಕೊಂಡಿದ್ದೇನೆ. ನೆಲ್ಲೂರು ಕಡೆ ನಮ್ಮ ದೊಡ್ಡಪ್ಪನ ಅಳಿಯ ‘ರೊಯ್ಯಲ ಚೆರುವು’, ಅಂದರೆ ಸೀಗಡಿ ಕೊಳ, ಮಾಡುತ್ತಾರೆ. ಅವರ ಜೊತೆ ಬಂದ ಒಬ್ಬ ಏಜೆಂಟ್, ‘ಒಂದು ಎಕರೆ ಕೊಳ ತೆಗೆಸಿ, ಬೋರ್ ನೀರಿಗೆ ಉಪ್ಪು ಬೆರೆಸಿ ವನ್ನಾಮಿ ಸೀಗಡಿ ಬಿಡಿ, ನಾಲ್ಕು ತಿಂಗಳಿಗೆ ಮೂರು ಟನ್ ಹಿಡಿಯಬಹುದು, ಹರಿಯಾಣದಲ್ಲಿ ಸಮುದ್ರವೇ ಇಲ್ಲ, ಅಲ್ಲಿ ಬೆಳೆಯುತ್ತಿಲ್ಲವೇ’ ಎನ್ನುತ್ತಾನೆ. ನಮ್ಮಪ್ಪ, ‘ಉಪ್ಪು ಬಿದ್ದ ನೆಲ ಮತ್ತೆ ಏಳೋದಿಲ್ಲ’ ಅಂತ ಹಟ ಹಿಡಿದಿದ್ದಾರೆ. ಪಿಯುಸಿ ಓದುವ ತಂಗಿ, ‘ಸೀಗಡಿ ಕೊಳಗಳಿಂದಲೇ ಕರಾವಳಿಯ ಮ್ಯಾಂಗ್ರೋವ್ ಕಾಡೆಲ್ಲ ನಾಶವಾಯಿತು’ ಎಂದು ವಾದಿಸುತ್ತಾಳೆ. ಪಕ್ಕದ ತೋಟದವರೂ ಆಗಲೇ ತಕರಾರು ತೆಗೆದಿದ್ದಾರೆ. ಯಾರ ಮಾತು ನಿಜ? ಈ ತಿಂಗಳ ಕೊನೆಗೆ ಏಜೆಂಟ್‌ಗೆ ಅಡ್ವಾನ್ಸ್ ಕೊಡಬೇಕು.

ಉತ್ತರ: ಅಡ್ವಾನ್ಸ್ ಕೊಡಬೇಡಿ. ಅದಕ್ಕೆ ಗಡುವು ಇರುವುದರಿಂದ ಆ ಮಾತನ್ನು ಮೊದಲೇ ಹೇಳಿಬಿಟ್ಟೆ. ಯಾಕೆ ಎಂಬುದನ್ನು ಈಗ ನಿಧಾನವಾಗಿ ನೋಡೋಣ.

ನಿಮ್ಮ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಒಂದು ವಾರ ಚಿನ್ನದಂತೆ ಮಾರಿದ ಟೊಮೆಟೊ ಬಾಕ್ಸ್ ಇನ್ನೊಂದು ವಾರ ಬಿಡಿಸುವ ಕೂಲಿಗೂ ಸಾಲದೆ ಹೋಗುವುದನ್ನು ಕೋಲಾರ, ಚಿಂತಾಮಣಿಯ ಮಾರುಕಟ್ಟೆಗಳಲ್ಲಿ ನಿಂತು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ ನಾಲ್ಕು ತಿಂಗಳಿಗೆ ಮೂರು ಟನ್ ಎಂದು ಯಾರಾದರೂ ಹೇಳಿದರೆ ಕಿವಿ ನಿಮಿರುವುದು ಸಹಜ. ಅದನ್ನು ದುರಾಸೆ ಎನ್ನಲಾರೆ. ನಾನು ಮೀನುಗಾರಿಕೆ ಓದಿ ಮೊದಲು ಕುಮಟಾ, ಹೊನ್ನಾವರದ ಕಡೆ, ಆಮೇಲೆ ನಿಮ್ಮ ಬಯಲುಸೀಮೆಯಲ್ಲಿ ಕೆಲಸ ಮಾಡಿದವಳು. ಉಪ್ಪುನೀರಿನ ಸೀಗಡಿಯನ್ನೂ ಕಂಡಿದ್ದೇನೆ, ನಿಮ್ಮ ಕೆರೆಗಳನ್ನೂ ಕಂಡಿದ್ದೇನೆ. ಇವೆರಡನ್ನೂ ಒಂದೇ ಕಡೆ ಕೂಡಿಸಲು ಹೊರಟಾಗ ಏನಾಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಏಜೆಂಟ್ ಹೇಳಿದ್ದೆಲ್ಲ ಸುಳ್ಳಲ್ಲ. ವನ್ನಾಮಿ ಅಮೆರಿಕ ಖಂಡದ ಪೆಸಿಫಿಕ್ ಕರಾವಳಿಯ ಸೀಗಡಿ. ನಮ್ಮ ದೇಶದಲ್ಲಿ ಅದರ ಸಾಕಣೆಗೆ ಅನುಮತಿ ಸಿಕ್ಕಿದ್ದು 2009ರಲ್ಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ, ಈ ಸೀಗಡಿ ನಿಧಾನವಾಗಿ ಒಗ್ಗಿಸಿದರೆ ಅದಕ್ಕಿಂತ ಬಹಳ ಕಡಿಮೆ ಉಪ್ಪಿನಲ್ಲೂ ಬದುಕುತ್ತದೆ. ಲೀಟರಿಗೆ ಮೂರರಿಂದ ಐದು ಗ್ರಾಂ ಇದ್ದರೂ ಬೆಳೆಯುತ್ತದೆ. ಆದ್ದರಿಂದ ‘ಬಾಗೇಪಲ್ಲಿಯಲ್ಲಿ ಸೀಗಡಿ ಬದುಕುವುದಿಲ್ಲ’ ಎಂದು ನಾನು ಹೇಳುವುದಿಲ್ಲ. ಅದು ಬದುಕಿದರೂ ಅದರ ಸುತ್ತಲಿನ ನೆಲ, ನೀರು ಉಳಿಯುತ್ತವೆಯೇ ಎಂಬುದಷ್ಟೇ ನನ್ನ ಚಿಂತೆ.

ಹರಿಯಾಣದ ಮಾತೂ ನಿಜ. ಆದರೆ ಏಜೆಂಟ್ ಅರ್ಧ ಹೇಳಿ ನಿಲ್ಲಿಸಿದ್ದಾನೆ. ರೋಹ್ಟಕ್, ಹಿಸಾರ್, ಸಿರ್ಸಾ ಕಡೆ ಅನೇಕ ಕಡೆ ಭೂಮಿಯೊಳಗಿನ ನೀರೇ ಉಪ್ಪು. ವರ್ಷಗಟ್ಟಲೆ ಕಾಲುವೆ ನೀರು ಹರಿದು ಆ ಉಪ್ಪುನೀರು ಮೇಲೆದ್ದು, ಜೌಗು ಹಿಡಿದು, ಗೋಧಿ ಬಾರದಂತಾದ ಹೊಲಗಳು ಅವು. ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ರೋಹ್ಟಕ್ ಕೇಂದ್ರದವರು ಅಂಥ ಕೆಟ್ಟ ನೆಲದಲ್ಲಿ ಏನಾದರೂ ಬೆಳೆಯಲು ಸಾಧ್ಯವೇ ಎಂದು ಪ್ರಯೋಗ ನಡೆಸಿ ದಾರಿ ತೋರಿಸಿದರು. ಅಲ್ಲಿನ ರೈತ ಉಪ್ಪನ್ನು ಕೊಂಡು ತರುವುದಿಲ್ಲ, ತನ್ನ ಕಾಲ ಕೆಳಗೇ ಇರುವ ಉಪ್ಪುನೀರನ್ನು ಎತ್ತುತ್ತಾನೆ. ಆ ನೆಲ ಆಗಲೇ ಕೆಟ್ಟಿತ್ತು. ನಿಮ್ಮದು ಕೆಟ್ಟಿಲ್ಲ. ನೀರು ಕಡಿಮೆ, ಫ್ಲೋರೈಡ್ ಇದೆ, ಗಡಸು ಇದೆ, ಎಲ್ಲ ಸರಿ. ಆದರೆ ರಾಗಿ, ಕಡಲೆಕಾಯಿ, ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ಜೀವಂತ ಮಣ್ಣು ಅದು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಕಾಗದ ತೆಗೆದುಕೊಂಡು ನಿಮ್ಮಪ್ಪನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಮಾಡಿ. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಕೊಳದಲ್ಲಿ 1.2 ಮೀಟರ್ ನೀರು ನಿಲ್ಲಿಸಿದರೆ 48 ಲಕ್ಷ ಲೀಟರ್ ದಾಟುತ್ತದೆ. ಲೀಟರಿಗೆ 5 ಗ್ರಾಂನಂತೆ ಬೆರೆಸಲು ಬೇಕಾಗುವ ಉಪ್ಪು 24 ಟನ್, ಅಂದರೆ 50 ಕಿಲೋದ 480 ಮೂಟೆ. ಬೇಸಿಗೆಯ ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಕಡಿಮೆಯಾಗಿಯೇ ಹಿಡಿದರೂ ಆ ಕೊಳದಿಂದ ದಿನಕ್ಕೆ 20 ಸಾವಿರ ಲೀಟರ್ ಹೋಗುತ್ತದೆ. ನಾಲ್ಕು ತಿಂಗಳಿಗೆ 24 ಲಕ್ಷ ಲೀಟರ್. ತುಂಬಿಸಿದ್ದು, ಆರಿಹೋದದ್ದು ಸೇರಿ ಒಂದು ಬೆಳೆಗೆ ಸುಮಾರು 73 ಲಕ್ಷ ಲೀಟರ್ ನೀರಾಯಿತು. ಹನಿ ನೀರಾವರಿಯಲ್ಲಿ ಒಂದು ಎಕರೆ ಟೊಮೆಟೊಗೆ ಇದರ ಮೂರನೇ ಒಂದು ಪಾಲು ಸಾಕು.

ನಿಮ್ಮ ಬೋರ್ ಎಷ್ಟು ನೀರು ಕೊಡುತ್ತದೆ ಎಂದು ಬರೆದಿಲ್ಲ. ಗಂಟೆಗೆ 5 ಸಾವಿರ ಲೀಟರ್ ಎಂದು ಇಟ್ಟುಕೊಳ್ಳಿ, ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಎಂದು ಇಟ್ಟುಕೊಳ್ಳಿ. ದಿನಕ್ಕೆ 35 ಸಾವಿರ ಲೀಟರ್ ಬಂತು. ಕೊಳ ತುಂಬಲು 138 ದಿನ ಬೇಕು, ಅದೂ ಮಧ್ಯೆ ಒಂದು ಹನಿಯೂ ಆರದಿದ್ದರೆ. ಸೀಗಡಿ ಬೆಳೆಯುವುದು 120 ದಿನಕ್ಕೆ! ಈ ಲೆಕ್ಕವನ್ನು ಏಜೆಂಟ್ ಮುಂದೆ ಇಡಿ. ಹಾಗಾದರೆ ಇನ್ನೊಂದು ಬೋರ್ ಕೊರೆಸಿ ಎನ್ನುತ್ತಾನೆ. ನಾಲ್ಕನೆಯ ಬೋರಿನ ಸಾಲ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ.

ನೀರಿಗಿಂತ ದೊಡ್ಡದು ಉಪ್ಪಿನ ಮಾತು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಸೀಗಡಿಯ ಮೈಯಲ್ಲಿ ಹೋಗುವುದು ಲೆಕ್ಕಕ್ಕೇ ಬಾರದಷ್ಟು. ಬೆಳೆ ಹಿಡಿಯುವ ದಿನ ಆ 24 ಟನ್ ಅಷ್ಟೂ ನಿಮ್ಮ ಕೊಳದಲ್ಲೇ ಇರುತ್ತದೆ. ಆಗ ಅದನ್ನು ಎಲ್ಲಿಗೆ ಬಿಡುತ್ತೀರಿ?

ಲೀಟರಿಗೆ 5 ಗ್ರಾಂ ಉಪ್ಪಿದ್ದರೆ ನೀರಿನ ವಿದ್ಯುತ್ ವಾಹಕತೆ, ಲ್ಯಾಬಿನವರು ಇ.ಸಿ. ಎನ್ನುವುದು, 8ರ ಆಸುಪಾಸು ಬರುತ್ತದೆ. ಮಣ್ಣಿನಲ್ಲಿ ಅದು 4 ದಾಟಿದರೆ ಚೌಳು ಎನ್ನುತ್ತೇವೆ. ಟೊಮೆಟೊ ಇಳುವರಿ ಎರಡೂವರೆಯಿಂದಲೇ ಇಳಿಯತೊಡಗುತ್ತದೆ, ಬೀನ್ಸ್ ಅಂತೂ ಒಂದು ದಾಟಿದರೆ ಸಾಕು. ಆ 24 ಟನ್ ಉಪ್ಪನ್ನು ಐದು ಎಕರೆಯ ಮೇಲಿನ ಒಂದು ಅಡಿ ಮಣ್ಣಿಗೆ ಸಮವಾಗಿ ಹರಡಿದರೂ ನೂರು ಕಿಲೋ ಮಣ್ಣಿಗೆ ಕಾಲು ಕಿಲೋ ಉಪ್ಪಾಗುತ್ತದೆ. ನಿಮಗಿರುವುದು ನಾಲ್ಕೂವರೆ ಎಕರೆ. ಇದು ಒಂದೇ ಬೆಳೆಯ ಲೆಕ್ಕ.

ಉಪ್ಪು ಮಣ್ಣನ್ನು ಕೆಡಿಸುವ ಬಗೆಯೂ ತಿಳಿದಿರಲಿ. ಅಡುಗೆ ಉಪ್ಪಿನ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮಳೆ ಬಿದ್ದಾಗ ಅವು ಕೆಸರಾಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ, ಒಣಗಿದಾಗ ಮೇಲ್ಮೈ ಹಪ್ಪಳಗಟ್ಟುತ್ತದೆ. ನೀರು ಇಂಗುವುದಿಲ್ಲ, ಬೇರಿಗೆ ಉಸಿರಿಲ್ಲ, ಮೊಳಕೆ ಮೇಲೇಳುವುದಿಲ್ಲ. ನಿಮ್ಮಪ್ಪ ‘ಏಳೋದಿಲ್ಲ’ ಎಂದ ಮಾತು ಅಕ್ಷರಶಃ ನಿಜವಲ್ಲ, ಕೆಟ್ಟ ನೆಲವನ್ನೂ ಸರಿಪಡಿಸಬಹುದು, ಆದರೆ ನಿಮ್ಮ ಕಡೆ ಅದು ಬಲು ಕಷ್ಟ. ‘ಜಿಪ್ಸಂ ಹಾಕಿದರೆ ಸರಿಹೋಗುತ್ತದೆ’ ಎಂದೂ ಯಾರಾದರೂ ಹೇಳಿಯಾರು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣಗಳಿಂದ ಬಿಡಿಸುವುದು ನಿಜ. ಬಿಡಿಸಿದ್ದನ್ನು ತೊಳೆದು ಕೆಳಗಿಳಿಸಲು ಮತ್ತೆ ಸಿಹಿನೀರು ಬೇಕು, ಇಳಿದದ್ದು ಅಂತರ್ಜಲಕ್ಕೇ ಹೋಗುತ್ತದೆ. ನಿಮ್ಮ ಕಡೆ ಅಂತರ್ಜಲ ಇರುವುದು ಕಲ್ಲಿನ ಸೀಳುಗಳಲ್ಲಿ. ಯಾವ ಸೀಳು ಯಾರ ಬೋರಿಗೆ ಕೂಡಿದೆಯೋ ಮೇಲೆ ನಿಂತವರಿಗೆ ಕಾಣುವುದಿಲ್ಲ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಿಮ್ಮ ಕೊಳದ ನೀರು 5,000. ಪಕ್ಕದ ತೋಟದವರ ತಕರಾರಿನಲ್ಲಿ ಹುರುಳಿದೆ.

ಪ್ಲಾಸ್ಟಿಕ್ ಹಾಸಿದರೆ ಸೋರುವುದಿಲ್ಲವಲ್ಲ ಎಂದು ಕೇಳುತ್ತೀರಿ. ಹೊಸತರಲ್ಲಿ ಸೋರುವುದಿಲ್ಲ. ನಿಮ್ಮದೇ ಕೃಷಿ ಹೊಂಡದ ಹಾಳೆ ಮೂರನೇ ವರ್ಷಕ್ಕೆ ಹೇಗಿತ್ತು ನೆನಪಿಸಿಕೊಳ್ಳಿ. ಇಲಿ, ಹೆಗ್ಗಣ, ಬಿಸಿಲು, ಕೆಳಗಿನ ಚೂಪು ಕಲ್ಲು, ಏಡಿ. ಸಿಹಿನೀರಿನ ಹೊಂಡ ತೂತಾದರೆ ನೀರು ಇಂಗಿತು ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಉಪ್ಪುನೀರಿನ ಕೊಳದಲ್ಲಿ ಹಾಗಲ್ಲ. ಇಳಿದ ಉಪ್ಪನ್ನು ವಾಪಸು ತೆಗೆಯುವ ಉಪಾಯವಿಲ್ಲ.

ಕರಾವಳಿಯಲ್ಲೂ ಇದೇ ಉಪ್ಪಲ್ಲವೇ ಎಂಬ ಪ್ರಶ್ನೆ ನಿಮಗೆ ಬಂದಿರಬೇಕು. ಅಘನಾಶಿನಿ ಹೊಳೆಯ ಅಂಚಿನಲ್ಲಿ ಗಜನಿ ಭೂಮಿ ಎಂದಿದೆ. ಕುಮಟಾದ ರೈತರು ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಉಪ್ಪು ತಾಳುವ ಭತ್ತ ಬಿತ್ತುತ್ತಿದ್ದರು. ಕೊಯ್ಲಾದ ಮೇಲೆ ಒಡ್ಡಿನ ಬಾಗಿಲು ತೆಗೆದು ಭರತದ, ಅಂದರೆ ಸಮುದ್ರ ಉಬ್ಬಿದಾಗ ಬರುವ, ನೀರು ಒಳಗೆ ಬಿಟ್ಟರೆ ಮೀನು, ಸೀಗಡಿ ತಾವಾಗಿ ಬರುತ್ತಿದ್ದವು. ಮೇವು ಹಾಕುವಂತಿಲ್ಲ, ಔಷಧಿ ಇಲ್ಲ. ಅಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್, ಜುಲೈಯಲ್ಲಿ ಆ ಮಳೆ ಗದ್ದೆಯ ಉಪ್ಪನ್ನೆಲ್ಲ ತೊಳೆದು ಹೊಳೆಗೆ ಕೊಡುತ್ತದೆ, ಇಳಿತ ಅದನ್ನು ಸಮುದ್ರಕ್ಕೆ ಒಯ್ಯುತ್ತದೆ. ನಿಮ್ಮಲ್ಲಿ ಬೀಳುವ ಮಳೆ ಅದರ ಕಾಲು ಭಾಗವೂ ಇಲ್ಲ. ದಿನಕ್ಕೆರಡು ಸಲ ಬಂದು ಹೋಗುವ ಭರತ ಇಳಿತವೂ ಇಲ್ಲ. ನಿಮ್ಮ ಹೊಲದಿಂದ ಹೊರಟ ನೀರು ಕೆಳಗಿನ ಕೆರೆಗೆ, ಆ ಕೆರೆಯ ಕೋಡಿಯಿಂದ ಇನ್ನೊಂದು ಕೆರೆಗೆ, ಕೊನೆಗೆ ಚಿತ್ರಾವತಿಗೆ. ಮಧ್ಯೆ ಎಷ್ಟು ತೂಬು, ಎಷ್ಟು ಗದ್ದೆ, ಎಷ್ಟು ದನ ಕುಡಿಯುವ ಕಟ್ಟೆ! ಚಿತ್ರಾವತಿ ಆಂಧ್ರದಲ್ಲಿ ಪೆನ್ನಾರ್ ಸೇರುತ್ತದೆ. ನಂದಿಬೆಟ್ಟದ ಸೀಮೆಯಲ್ಲೇ ಹುಟ್ಟಿದ ಆ ಪೆನ್ನಾರ್, ನಾವು ಉತ್ತರ ಪಿನಾಕಿನಿ ಎನ್ನುವುದು, ನೆಲ್ಲೂರು ದಾಟಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ನಿಮ್ಮ ಭಾವನ ಚೆರುವಿನ ಊರೂ ನಿಮ್ಮೂರೂ ಒಂದೇ ನೀರಿನ ಎರಡು ತುದಿಗಳು. ಅವರು ಸಮುದ್ರದ ತುದಿಯಲ್ಲಿದ್ದಾರೆ, ನೀವು ತಲೆಯಲ್ಲಿದ್ದೀರಿ. ತಲೆಯಲ್ಲಿ ಸುರಿದ ಉಪ್ಪು ದಾರಿಯುದ್ದಕ್ಕೂ ಎಲ್ಲರನ್ನೂ ಮುಟ್ಟಿಕೊಂಡೇ ಹೋಗಬೇಕು.

ಹಾಗೆಂದು ಸಮುದ್ರದ ಪಕ್ಕದಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು ಎಂದುಕೊಳ್ಳಬೇಡಿ. ಇಲ್ಲಿ ನಿಮ್ಮ ತಂಗಿಯ ಮಾತಿಗೆ ಬರುತ್ತೇನೆ. ಮ್ಯಾಂಗ್ರೋವ್, ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮರಗಳು, ಸೀಗಡಿ ಕೊಳಗಳಿಗಾಗಿ ಬಹಳ ದೊಡ್ಡ ಪ್ರಮಾಣದಲ್ಲಿ ಕಡಿಯಲ್ಪಟ್ಟದ್ದು ಈಕ್ವೆಡಾರ್, ಥಾಯ್ಲೆಂಡ್‌ನಂಥ ದೇಶಗಳಲ್ಲಿ. ನಮ್ಮಲ್ಲೂ ಗೋದಾವರಿ, ಕೃಷ್ಣಾ ಮುಖಜ ಭೂಮಿಗಳಲ್ಲಿ ಸ್ವಲ್ಪ ಹೋಯಿತು. ಆದರೆ ಭಾರತದ ಹೆಚ್ಚಿನ ಕೊಳಗಳು ಬಂದದ್ದು ಉಪ್ಪಿನ ಬಯಲುಗಳಲ್ಲಿ, ಹಿನ್ನೀರಿನ ಅಂಚಿನಲ್ಲಿ, ಭತ್ತದ ಗದ್ದೆಗಳಲ್ಲಿ. ‘ಕಾಡೆಲ್ಲ’ ಎಂಬುದನ್ನು ಆಕೆ ತಿದ್ದಿಕೊಳ್ಳಲಿ, ಆದರೆ ಅವಳ ಆತಂಕ ಸರಿಯಾದದ್ದೇ. ನಮ್ಮಲ್ಲಿ ಬೆಲೆ ತೆತ್ತದ್ದು ಕಾಡಿಗಿಂತ ಹೆಚ್ಚಾಗಿ ಗದ್ದೆ ಮತ್ತು ಬಾವಿ. ಕೊಳದ ಉಪ್ಪುನೀರು ಬಸಿದು ಪಕ್ಕದ ಗದ್ದೆ ಚೌಳಾಯಿತು, ಊರ ಬಾವಿ ಉಪ್ಪಾಯಿತು, ಹೆಂಗಸರು ಕೊಡ ಹೊತ್ತು ದೂರ ಹೋಗುವಂತಾಯಿತು. ಕೊಳದ ಮಾಲೀಕ ಹಲವು ಸಲ ಹೊರಗಿನವನು, ಬಾವಿ ಮಾತ್ರ ಊರಿನವರದು.

ಇದನ್ನೇ ಹಿಡಿದು ತಮಿಳುನಾಡಿನ ಗಾಂಧಿವಾದಿ ಎಸ್. ಜಗನ್ನಾಥನ್ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 11ರಂದು ತೀರ್ಪು ಬಂತು. ಕರಾವಳಿ ನಿಯಂತ್ರಣ ವಲಯದೊಳಗಿನ ಸೀಗಡಿ ಉದ್ಯಮಗಳನ್ನು, ಸಾಂಪ್ರದಾಯಿಕ ಪದ್ಧತಿಯವನ್ನು ಬಿಟ್ಟು, ತೆರವು ಮಾಡಬೇಕು, ಹಾನಿ ಮಾಡಿದವರೇ ಪರಿಹಾರ ಕೊಡಬೇಕು ಎಂದಿತು ನ್ಯಾಯಾಲಯ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ, ನಿಮಗೆ ನೇರವಾಗಿ ಸಂಬಂಧಿಸಿದ್ದು: ಕೃಷಿ ಭೂಮಿಯನ್ನು ಸೀಗಡಿ ಕೊಳವಾಗಿ ಪರಿವರ್ತಿಸಬಾರದು. ಮುಂದೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆ ತಂದು, ನೋಂದಣಿ, ನಿಯಮಗಳ ಚೌಕಟ್ಟಿನಲ್ಲಿ ಸಾಕಣೆಗೆ ಅವಕಾಶ ಕೊಟ್ಟಿತು. ಆ ಕಾಯ್ದೆಯ ವ್ಯಾಪ್ತಿ ಭರತದ ಗೆರೆಯಿಂದ ಎರಡು ಕಿಲೋಮೀಟರ್. ‘ನಿಮ್ಮೂರಿಗೆ ಆ ರೂಲ್ಸ್ ಯಾವುದೂ ಇಲ್ಲ’ ಎಂದು ಏಜೆಂಟ್ ಖುಷಿಯಿಂದ ಹೇಳಬಹುದು. ನಾನು ಅದನ್ನು ಭಯದಿಂದ ಹೇಳುತ್ತೇನೆ. ಸಮುದ್ರದ ಅಂಚಿನಲ್ಲೇ ಇಷ್ಟು ಕಟ್ಟುಪಾಡು ಬೇಕಾಯಿತು ಎಂದರೆ, ಉಪ್ಪಿಗೆ ಹೊರದಾರಿಯೇ ಇಲ್ಲದ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಬೇಕು!

ರೋಗದ ಕತೆಯನ್ನು ನಿಮ್ಮ ಭಾವನ ಬಾಯಿಂದಲೇ ಕೇಳಿ. 1994–95ರಲ್ಲಿ ಪೂರ್ವ ಕರಾವಳಿಯಲ್ಲಿ ಬಿಳಿಚುಕ್ಕೆ ವೈರಸ್ ಹಬ್ಬಿದಾಗ ನೆಲ್ಲೂರಿನಲ್ಲಿ ಎಷ್ಟೋ ಕೊಳಗಳು ವಾರದೊಳಗೆ ಖಾಲಿಯಾದವು. ಅಲ್ಲಿನ ಕಂಡಲೇರು ಹಿನ್ನೀರಿನ ಎರಡೂ ದಡಗಳಲ್ಲಿ ಕೊಳಗಳು ಒತ್ತೊತ್ತಾಗಿ ಬಂದಿದ್ದವು. ಒಬ್ಬರು ಹೊರಬಿಟ್ಟ ನೀರನ್ನು ಇನ್ನೊಬ್ಬರು ಒಳಗೆಳೆದುಕೊಳ್ಳುತ್ತಿದ್ದರು. ಒಬ್ಬರ ಕೊಳದ ರೋಗ ಊರಿನದಾಗಲು ಬೇರೇನೂ ಬೇಕಿರಲಿಲ್ಲ. ಆಗ ಇದ್ದದ್ದು ಟೈಗರ್ ಸೀಗಡಿ. ವನ್ನಾಮಿ ಬಂದ ಮೇಲೆ ರೋಗಮುಕ್ತ ತಾಯಿ ಸೀಗಡಿ, ಹ್ಯಾಚರಿ ಎಲ್ಲ ಸುಧಾರಿಸಿತು. ಆದರೂ ಇ.ಎಚ್.ಪಿ. ಎಂಬ ಸೂಕ್ಷ್ಮ ಪರಾವಲಂಬಿ ಈಗ ಕಾಡುತ್ತಿದೆ. ಅದು ಕೊಲ್ಲುವುದಿಲ್ಲ, ಬೆಳೆಯಲು ಬಿಡುವುದಿಲ್ಲ. ಮೇವು ತಿನ್ನುತ್ತಲೇ ಇರುತ್ತದೆ, ಸೀಗಡಿ ಗಾತ್ರಕ್ಕೆ ಬರುವುದಿಲ್ಲ. ನಂಬುವಂಥ ಔಷಧಿ ಇಲ್ಲ. ‘ದೂರದ ಊರು, ರೋಗ ಬರಲ್ಲ’ ಎಂಬುದು ಪೂರ್ತಿ ನಿಜವಲ್ಲ. ಮರಿ ಬರುವುದು ಕರಾವಳಿಯ ಹ್ಯಾಚರಿಯಿಂದಲೇ, ರೋಗ ಮರಿಯ ಜೊತೆಗೇ ಬರಬಹುದು. ಬಿಳಿಚುಕ್ಕೆ ವೈರಸ್ ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆದರೆ ಸಿಹಿನೀರಿನ ಏಡಿ, ಸೀಗಡಿಗಳ ಮೈಯಲ್ಲಿ ಕೂರಬಲ್ಲದು. ರೋಗ ಬಿದ್ದ ಕೊಳದ ನೀರು ಕೆರೆಗೆ ಹೋದರೆ ಕೆರೆಯ ಜೀವಗಳಿಗೂ ಅಂಟೀತು.

ಇನ್ನು ಕೊಳದ ತಳದ ಕೊಳೆ. ‘ಹಾಕಿದ್ದನ್ನೆಲ್ಲ ಸೀಗಡಿ ತಿನ್ನುತ್ತದೆ’ ಎನ್ನುತ್ತಾರೆ. ಒಂದು ಟನ್ ಸೀಗಡಿಗೆ ಒಂದೂವರೆ ಟನ್ ಮೇವು ಬೇಕು ಎಂದುಕೊಳ್ಳಿ. ಶೇ 35 ಪ್ರೋಟೀನ್ ಇರುವ ಮೇವಾದರೆ ಅದರಲ್ಲಿ 84 ಕಿಲೋ ಸಾರಜನಕ ಇರುತ್ತದೆ. ಸೀಗಡಿಯ ಮೈಯಲ್ಲಿ ಹಿಡಿದು ಹೊರಹೋಗುವುದು 29 ಕಿಲೋದಷ್ಟು. ಉಳಿದ 55 ಕಿಲೋ ನೀರಿನಲ್ಲಿ, ಕೆಸರಿನಲ್ಲಿ. ಅದು ಹೆಚ್ಚುಕಡಿಮೆ ಎರಡೂವರೆ ಮೂಟೆ ಯೂರಿಯಾ. ಮೂರು ಟನ್ ಬೆಳೆ ಎಂದರೆ ಏಳೆಂಟು ಮೂಟೆ ಯೂರಿಯಾವನ್ನು ನಾಲ್ಕು ತಿಂಗಳಲ್ಲಿ ಒಂದು ಎಕರೆ ನೀರಿಗೆ ಸುರಿದಂತೆ. ಸಿಹಿನೀರಿನಲ್ಲಾದರೆ ಅದನ್ನು ತೋಟಕ್ಕೆ ಬಿಟ್ಟು ಗೊಬ್ಬರವಾಗಿಸಬಹುದಿತ್ತು. ಉಪ್ಪು ಸೇರಿದ ಮೇಲೆ ಆ ಗೊಬ್ಬರವೂ ಕೆಲಸಕ್ಕೆ ಬಾರದು.

ಈ ಕೊಳೆ ಆಮ್ಲಜನಕವನ್ನು ತಿನ್ನುತ್ತದೆ. ಅದಕ್ಕೇ ಕೊಳದಲ್ಲಿ ರಾತ್ರಿಯಿಡೀ ನೀರಿಗೆ ಗಾಳಿ ಬೆರೆಸುವ ಏರೇಟರ್ ತಿರುಗಬೇಕು. ಬೆಳಗಿನ ಜಾವ ಮೂರರಿಂದ ಆರರ ನಡುವೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಆ ಹೊತ್ತಿನಲ್ಲಿ ಒಂದು ಗಂಟೆ ಕರೆಂಟು ಹೋಗಿ ಜನರೇಟರ್ ಕೈಕೊಟ್ಟರೆ ಸಾಕು, ಬೆಳೆಗೆ ಬೆಳೆಯೇ ತೇಲುತ್ತದೆ. ಪಾಳಿಯ ಕರೆಂಟಿನ ಊರಿನಲ್ಲಿ ಡೀಸೆಲ್ ಖರ್ಚೇ ಲಾಭ ತಿಂದುಹಾಕುತ್ತದೆ. ನಿಮ್ಮ ಕಡೆಯ ಚಳಿಯನ್ನೂ ಏಜೆಂಟ್ ಲೆಕ್ಕಕ್ಕೆ ಹಿಡಿದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕೊಳದ ನೀರು 20 ಡಿಗ್ರಿಯ ಹತ್ತಿರ ಇಳಿದರೆ ವನ್ನಾಮಿ ಮೇವಿಗೆ ಬಾಯಿ ಹಾಕುವುದನ್ನೇ ಕಡಿಮೆ ಮಾಡುತ್ತದೆ.

ನಮ್ಮ ಕಡಲನ್ನು ಕಂಡವಳಾಗಿ ಇನ್ನೊಂದು ಮಾತು ಹೇಳದಿರಲಾರೆ. ಸೀಗಡಿ ಮೇವಿಗೆ ಮೀನಿನ ಹುಡಿ ಬೇಕು. ಮಂಗಳೂರು, ಉಳ್ಳಾಲದ ಕಡೆಯ ಮೀನು ಹುಡಿ ಕಾರ್ಖಾನೆಗಳಿಗೆ ಹೋಗುವ ಮೀನಿನಲ್ಲಿ ಬೂತಾಯಿಯೂ ಇದೆ. ಕರಾವಳಿಯ ಬಡವರ ಮನೆಯ ಊಟ ಅದು. ಆ ಮೀನನ್ನು ಒಣಗಿಸಿ, ಪುಡಿ ಮಾಡಿ, ಸೀಗಡಿಗೆ ತಿನ್ನಿಸಿ, ಆ ಸೀಗಡಿಯನ್ನು ಹಡಗಿನಲ್ಲಿ ಅಮೆರಿಕಕ್ಕೆ ಕಳಿಸುತ್ತೇವೆ. ಭಾರತದ ಸೀಗಡಿಗೆ ಅತಿ ದೊಡ್ಡ ಮಾರುಕಟ್ಟೆ ಅದೇ. 2025ರ ಆಗಸ್ಟ್‌ನಲ್ಲಿ ಆ ದೇಶ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಆಂಧ್ರದ ಸಾಕಣೆದಾರರ ನಿದ್ದೆ ಕೆಟ್ಟಿತ್ತು. ಟೊಮೆಟೊ ಬೆಲೆಯ ಹೊಯ್ದಾಟದಿಂದ ತಪ್ಪಿಸಿಕೊಳ್ಳಲು ಸೀಗಡಿಗೆ ಹೋಗುತ್ತೇನೆ ಎನ್ನುವವರು ಇದನ್ನೂ ತಿಳಿದಿರಬೇಕು.

ಹಾಗಾದರೆ ನೀವೇನು ಮಾಡಬಹುದು?

ಕೈಯಲ್ಲಿರುವ ಹೊಂಡದಿಂದ ಶುರು ಮಾಡಿ. ಅದರಲ್ಲಿ ಅಂಚಿನ ಇಳಿಜಾರು ಕಳೆದರೂ 9–10 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಕನಿಷ್ಠ ಐದಡಿ ನೀರು ಎಂಟು ಹತ್ತು ತಿಂಗಳು ನಿಲ್ಲಿಸಬಲ್ಲಿರಾದರೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಡಿ. ಮೊದಲ ವರ್ಷ 400 ಬೆರಳುದ್ದದ ಮರಿ ಸಾಕು. ಮುಕ್ಕಾಲು ಪಾಲು ಉಳಿದು ಅರ್ಧ ಕಿಲೋ ಮೇಲೆ ತೂಗಿದರೆ 150–180 ಕಿಲೋ ಮೀನು ಸಿಗುತ್ತದೆ. ಲಕ್ಷಗಳ ಮಾತಲ್ಲ ಇದು, ಒಪ್ಪುತ್ತೇನೆ. ಆದರೆ ಮೀನಿನ ಗೊಬ್ಬರ ಕರಗಿದ ಅದೇ ನೀರು ಟೊಮೆಟೊ, ರೇಷ್ಮೆ ಸೊಪ್ಪಿಗೆ ಹೋಗುತ್ತದೆ. ಒಂದೇ ನೀರಿಗೆ ಎರಡು ಬೆಳೆ. ಹನಿ ಪೈಪು ಕಟ್ಟದಂತೆ ಫಿಲ್ಟರ್ ವಾರಕ್ಕೊಮ್ಮೆ ತೊಳೆಯಬೇಕು. ಪ್ಲಾಸ್ಟಿಕ್ ಹಾಸಿನ ಹೊಂಡದಲ್ಲಿ ಮಣ್ಣಿನ ತಳದಂತೆ ತಾನಾಗಿ ಆಹಾರ ಹುಟ್ಟುವುದಿಲ್ಲ, ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಕೊಡಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳೆಗೆ ನೀರು ಬೇಕಾಗಿ ಹೊಂಡ ಇಳಿದಾಗ ಮೀನನ್ನು ಅವಸರದಲ್ಲಿ ಹಿಡಿಯಬೇಕಾದೀತು ಎಂಬುದೇ ಇದರ ದೊಡ್ಡ ಅಪಾಯ. ಹೊಂಡಕ್ಕೆ ಬೇಲಿ ಹಾಕಿಸಿ, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಪ್ಲಾಸ್ಟಿಕ್ ಮೇಲೆ ಕಾಲು ಜಾರಿದ ಮಕ್ಕಳು ಮೇಲೆ ಹತ್ತಲಾರದೆ ಹೋದ ಸುದ್ದಿ ಕೇಳಿ ಕೇಳಿ ನನಗೆ ಸಾಕಾಗಿದೆ.

ಸೀಗಡಿಯೇ ಬೇಕು ಎಂಬ ಆಸೆ ಬಿಡದಿದ್ದರೆ ಸಿಹಿನೀರಿನ ಸೀಗಡಿ ಇದೆ, ಸ್ಕ್ಯಾಂಪಿ ಎನ್ನುತ್ತಾರೆ. ಅದಕ್ಕೆ ಮರಿಯಾಗಿದ್ದಾಗ ಹ್ಯಾಚರಿಯಲ್ಲಿ ಮಾತ್ರ ಉಪ್ಪುನೀರು ಬೇಕು, ಬೆಳೆಯುವುದು ಸಿಹಿನೀರಿನಲ್ಲೇ. ನಿಮ್ಮ ಹೊಂಡಕ್ಕೆ ಒಂದು ಹಿಡಿ ಉಪ್ಪೂ ಬೀಳುವುದಿಲ್ಲ. ಒಂದು ವರ್ಷ ಗೆಂಡೆ ಮೀನಿನ ಅನುಭವ ಆದ ಮೇಲೆ, ಮೀನಿನ ಜೊತೆಗೇ ನೂರಿನ್ನೂರು ಸ್ಕ್ಯಾಂಪಿ ಬಿಟ್ಟು ನೋಡಬಹುದು. ತೊಡಕುಗಳೂ ಇವೆ. ನಿಮ್ಮ ಬೋರ್ ನೀರು ತೀರಾ ಗಡಸಾಗಿದ್ದರೆ ಅದರ ಚಿಪ್ಪಿನ ಮೇಲೆ ಸುಣ್ಣ ಕಟ್ಟಿ ಬೆಳವಣಿಗೆ ನಿಲ್ಲುತ್ತದೆ, ಅವು ಒಂದನ್ನೊಂದು ತಿನ್ನುತ್ತವೆ, ಒಳ್ಳೆಯ ಮರಿ ಎಲ್ಲ ಕಾಲಕ್ಕೂ ಸಿಗುವುದಿಲ್ಲ, ಚಳಿಗೆ ಮೊದಲೇ ಹಿಡಿದುಬಿಡಬೇಕು. ಹಣ ಬೇಗ ಬರುತ್ತದೆಂದು ಯಾರಾದರೂ ಥಾಯ್ ಮಾಗೂರ್ ಎಂಬ ಆಫ್ರಿಕನ್ ಮೀನಿನ ಮರಿ ತಂದುಕೊಟ್ಟರೆ ಮುಟ್ಟಬೇಡಿ. ಅದು ನಿಷೇಧಿತ, ಕೆರೆಗೆ ಸೇರಿದರೆ ಊರ ಮೀನನ್ನೆಲ್ಲ ನುಂಗುತ್ತದೆ.

ಇಷ್ಟರ ಮೇಲೂ ವನ್ನಾಮಿಯನ್ನೇ ಒಮ್ಮೆ ನೋಡಬೇಕೆನಿಸಿದರೆ, ಎಕರೆ ಕೊಳದ ಮಾತು ಬಿಡಿ. ನೆಲದ ಮೇಲೆ ನಿಲ್ಲುವ 50 ಸಾವಿರ ಲೀಟರಿನ ಒಂದು ತೊಟ್ಟಿ ಸಾಕು. ಅದಕ್ಕೆ ಬೀಳುವ ಉಪ್ಪು 250 ಕಿಲೋ. ಹಾಳಾದರೆ ನಷ್ಟ ನಿಮ್ಮ ಅಂಗಳದಲ್ಲೇ ಮುಗಿಯುತ್ತದೆ. ಬೆಳೆ ತೆಗೆದ ಮೇಲೆ ಆ ನೀರನ್ನು ಹೊರಬಿಡದೆ ತಿಳಿಗೊಳಿಸಿ ಮುಂದಿನ ಬೆಳೆಗೂ ಬಳಸಬೇಕು. ಕೊನೆಗೆ ಹಾಳೆ ಹಾಸಿದ ಮಡಿಯಲ್ಲಿ ಒಣಗಿಸಿ ಉಪ್ಪನ್ನು ಕೆರೆದು ಮೂಟೆ ಕಟ್ಟಿ ಮಳೆ ತಾಗದ ಕಡೆ ಇಡಬೇಕು. ಬರೀ ಅಡುಗೆ ಉಪ್ಪು ಸಾಲದು, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಹದವಾಗಿ ಇರಬೇಕು, ಇಲ್ಲದಿದ್ದರೆ ಚಿಪ್ಪು ಕಳಚುವಾಗ ಸಾಯುತ್ತವೆ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ಅನುಮತಿಯನ್ನು ಬರಹದಲ್ಲೇ ಪಡೆಯಿರಿ. ಏಜೆಂಟ್ ತೋರಿಸುವ ಮೊಬೈಲ್ ಫೋಟೊ ಅನುಮತಿಯಲ್ಲ.

ಅದಕ್ಕೂ ಮೊದಲು ನೆಲ್ಲೂರಿಗೆ ಹೋಗಿ ಒಂದು ವಾರ ಇದ್ದು ಬನ್ನಿ. ಕೊಯ್ಲಿನ ದಿನವಲ್ಲ, ಬೆಳೆಯ ನಡುವಿನ ಒಂದು ವಾರ. ರಾತ್ರಿ ಮೂರು ಗಂಟೆಗೆ ನಿಮ್ಮ ಭಾವನ ಜೊತೆ ಟಾರ್ಚ್ ಹಿಡಿದು ಒಡ್ಡಿನ ಮೇಲೆ ನಡೆಯಿರಿ. ಗೆದ್ದ ಬೆಳೆಯ ಲೆಕ್ಕ ಅವರೇ ಹೇಳುತ್ತಾರೆ, ಸೋತ ಬೆಳೆಗಳದ್ದನ್ನು ನೀವು ಕೇಳಿ ತಿಳಿಯಬೇಕು. ಅವರ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದೂ ಕೇಳಿ.

ಬಂದ ಮೇಲೆ ನಿಮ್ಮ ಬೋರಿನ ಒಂದು ಲೀಟರ್ ನೀರು, ಹೊಲದ ಅರ್ಧ ಕಿಲೋ ಮಣ್ಣು ತೆಗೆದುಕೊಂಡು ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ನೀರಿನ ಇ.ಸಿ., ಗಡಸುತನ, ಫ್ಲೋರೈಡ್, ಮಣ್ಣಿನ ಇ.ಸಿ. ಬರೆಸಿಕೊಂಡು ಬನ್ನಿ. ಬೋರಿಗೆ ಒಂದು ಇನ್ನೂರು ಲೀಟರಿನ ಡ್ರಮ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ನೋಡಿ. ಆಮೇಲೆ ನಿಮ್ಮ ಹೊಂಡದ ಕೋಡಿ ಯಾವ ಕಡೆಗಿದೆ, ಅಲ್ಲಿಂದ ಹೊರಟ ನೀರು ಯಾವ ಕೆರೆಗೆ ಬೀಳುತ್ತದೆ ಎಂಬುದನ್ನು ನಿಮ್ಮಪ್ಪನ ಹತ್ತಿರ ಕೇಳಿ ಅದೇ ಕಾಗದದ ಹಿಂದೆ ಗೆರೆ ಎಳೆದು ಕಳಿಸಿ. ಯಾವ ಮೀನು, ಎಷ್ಟು ಮರಿ, ಯಾವ ತಿಂಗಳು ಬಿಡಬೇಕು ಎಂದು ಅದನ್ನು ನೋಡಿ ಬರೆಯುತ್ತೇನೆ.